ಬಾಗಿಲ ಪಕ್ಕದ ಕೀ

ಸೇಲ್ಸ್‌ನವರು ಬೆಲೆ ಹೇಳಲೇ ಇಲ್ಲ. ಒಂದು ಬಿಳಿ ಹಾಳೆ ತೆಗೆದು, ಮಧ್ಯದಲ್ಲಿ ಒಂದು ಸಂಖ್ಯೆ ಬರೆದು, ಅದರ ಸುತ್ತ ಎರಡು ಸಲ ಪೆನ್ನು ಸುತ್ತಿ ನನ್ನ ಕಡೆ ತಿರುಗಿಸಿದರು. "ತಿಂಗಳಿಗೆ ಇಷ್ಟೇ ಸರ್."

ಆ 'ಇಷ್ಟೇ'ಗೆ ನಾನು ಬಿದ್ದೆ. ಹತ್ತು ನಿಮಿಷದ ಹಿಂದಷ್ಟೇ ಆ ಕಾರು ಓಡಿಸಿ ಇಳಿದಿದ್ದೆ. ಕೈಯಲ್ಲಿ ಇನ್ನೂ ಸ್ಟೀರಿಂಗಿನ ಚರ್ಮದ ವಾಸನೆ ಇತ್ತು. ಅಂಥ ಹೊತ್ತಿನಲ್ಲಿ ಯಾರು ಯಾವ ಸಂಖ್ಯೆ ತೋರಿಸಿದರೂ 'ಇಷ್ಟೇನಾ' ಅನ್ನಿಸುತ್ತೆ.

ಕಾರು ಪೋರ್ಷೆ 911. ಸೆಕೆಂಡ್ ಹ್ಯಾಂಡ್, ಎಂಟು ವರ್ಷ ಹಳೆಯದು, ಕಡು ನೀಲಿ. ಚಿಕ್ಕಂದಿನಿಂದ ನನಗೆ ಹಿಡಿದ ಹುಚ್ಚು ಇದು. 1963ರಲ್ಲಿ ಫ್ರಾಂಕ್‌ಫರ್ಟ್ ಮೋಟರ್ ಷೋಗೆ ಬಂದಾಗ ಇದರ ಹೆಸರು 901 ಅಂತ ಇತ್ತು. ನಡುವೆ ಸೊನ್ನೆ ಇರುವ ಮೂರಂಕಿಯ ಹೆಸರುಗಳು ತಮ್ಮವು ಅಂತ ಫ್ರಾನ್ಸಿನ ಪ್ಯೂಜೋ ಕಂಪನಿಯವರು ತಕರಾರು ತೆಗೆದರು. ಸೊನ್ನೆ ಹೋಗಿ ಒಂದು ಬಂತು. ಈ ಕಥೆಯನ್ನು ಶಾಲೆಯಲ್ಲಿ ಎಷ್ಟು ಜನರಿಗೆ ಹೇಳಿ ತಲೆ ತಿಂದಿದ್ದೆನೋ ಲೆಕ್ಕವಿಲ್ಲ. ಇಷ್ಟು ವರ್ಷ ಅದು ಬರೀ ಕಥೆಯಾಗಿತ್ತು, ದುಡ್ಡೇನೂ ಕೇಳಿರಲಿಲ್ಲ.

ಆ ಶನಿವಾರ ಸುಮ್ನೆ ನೋಡಿ ಬರೋಣ ಅಂತ ಹೋದೆ. ಸುಮ್ನೆ ಅಂದರೆ, ಸಂಬಳದ ಚೀಟಿ, ಬ್ಯಾಂಕಿನ ಸ್ಟೇಟ್‌ಮೆಂಟು ಎಲ್ಲ ಬ್ಯಾಗಿನಲ್ಲಿ ಇಟ್ಟುಕೊಂಡು.

ಕೀ ಕೈಗೆ ಕೊಟ್ಟರು. ಅದೂ ಕಾರಿನ ಆಕಾರದಲ್ಲೇ ಇತ್ತು, ಒಂದು ಪುಟ್ಟ 911. ಒಳಗೆ ಕೂರುವುದು ಅಂದರೆ ಮೊದಲು ಕುಂಡೆ ಇಳಿಸಿ ಆಮೇಲೆ ಕಾಲು ಎಳೆದುಕೊಳ್ಳುವುದು. ಸೀಟು ಅಷ್ಟು ಕೆಳಗಿದೆ. ಎದುರಿಗೆ ಐದು ದುಂಡು ಡಯಲ್‌ಗಳು. ನಡುವಿನ ದೊಡ್ಡದು ವೇಗ ತೋರಿಸುವುದಲ್ಲ, ಎಂಜಿನ್ ಎಷ್ಟು ಸುತ್ತು ತಿರುಗುತ್ತಿದೆ ಅಂತ ತೋರಿಸುವುದು. ಈ ಕಾರಿಗೆ ಯಾವುದು ಮುಖ್ಯ ಅಂತ ಅಲ್ಲೇ ಗೊತ್ತಾಗುತ್ತೆ. ಕೀ ಹಾಕುವ ಜಾಗ ಬಾಗಿಲ ಪಕ್ಕದಲ್ಲಿ. ಗೊತ್ತಿದ್ದೂ ನನ್ನ ಕೈ ಅಭ್ಯಾಸಬಲದಿಂದ ಗೇರಿನ ಕಡೆಗೇ ಹೋಯಿತು. ಪಕ್ಕದಲ್ಲಿದ್ದವರು ನಕ್ಕರು. "ಎಲ್ಲರೂ ಮೊದಲು ಅಲ್ಲೇ ಹುಡುಕ್ತಾರೆ ಸರ್."

ತಿರುಗಿಸಿದೆ. ಸದ್ದು ಬೆನ್ನ ಹಿಂದಿನಿಂದ ಬಂತು. ಎಂಜಿನ್ ಇರುವುದು ಹಿಂದಿನ ಚಕ್ರಗಳಿಗೂ ಆಚೆ, ಆರು ಸಿಲಿಂಡರ್, ಮೂರು ಈ ಕಡೆ ಮೂರು ಆ ಕಡೆ ಮಲಗಿಸಿಟ್ಟದ್ದು. ಪುಸ್ತಕದಲ್ಲಿ ನೂರು ಸಲ ಓದಿದ್ದೆ. ಆದರೆ ಆ ಸದ್ದು ಕಿವಿಗಿಂತ ಮೊದಲು ಸೊಂಟಕ್ಕೆ ಗೊತ್ತಾಗುತ್ತೆ ಅಂತ ಎಲ್ಲೂ ಬರೆದಿರಲಿಲ್ಲ. ಓಡಿಸಿದ್ದು ಹನ್ನೆರಡು ನಿಮಿಷ. ಅದರಲ್ಲಿ ಮೂರು ನಿಮಿಷ ಸಿಗ್ನಲ್‌ನಲ್ಲೇ ನಿಂತಿದ್ದೆವು. ಆ ಮೂರು ನಿಮಿಷವೂ ಚೆನ್ನಾಗಿತ್ತು.

ಸುತ್ತು ಹಾಕಿದ ಆ ಸಂಖ್ಯೆ ನನ್ನ ಸಂಬಳದ ಮೂರನೇ ಒಂದು ಭಾಗದ ಹತ್ತಿರ ಇತ್ತು, ಸರಿಯಾಗಿ ಹೇಳಬೇಕೆಂದರೆ ಶೇಕಡಾ 32. ಸಾಲ ಏಳು ವರ್ಷಕ್ಕೆ. ಐದು ವರ್ಷಕ್ಕೆ ಮಾಡಿದರೆ ಎಷ್ಟಾಗುತ್ತೆ ಅಂತ ಕೇಳಿದೆ. ಶೇಕಡಾ 42 ಆಗುತ್ತಿತ್ತು. ಅವರು ಆ ಸಂಖ್ಯೆಯನ್ನು ಹಾಳೆಯ ಮೂಲೆಯಲ್ಲಿ ಚಿಕ್ಕದಾಗಿ ಬರೆದು, ಸುತ್ತು ಹಾಕದೆ ಬಿಟ್ಟರು. ಬಡ್ಡಿ ಬರೀ 6 ಪರ್ಸೆಂಟ್ ಅಂದರು. ನಾಳೆ ಹೇಳ್ತೀನಿ ಅಂತ ಹಾಳೆ ಮಡಚಿ ಜೇಬಿಗೆ ಹಾಕಿಕೊಂಡು, ಬಸ್ಸಿನಲ್ಲಿ ಕಿಟಕಿ ಪಕ್ಕ ಕೂತು, ಕಾರು ನನ್ನದೇ ಆದ ಹಾಗೆ ಮನೆಗೆ ಬಂದೆ.

ಅಕ್ಕನ ಮುಂದೆ ಹಾಳೆ ಇಟ್ಟೆ. ನಮ್ಮ ಮನೆಯಲ್ಲಿ ಲೆಕ್ಕ ಅಂದರೆ ಅಕ್ಕ. ಅವಳು ಕನ್ನಡಕ ಮೇಲೇರಿಸಿ ಮೊದಲು ಕೇಳಿದ್ದು, "ಇದು ಫ್ಲಾಟಾ, ರೆಡ್ಯೂಸಿಂಗಾ?"

ನನಗೆ ಗೊತ್ತಿರಲಿಲ್ಲ. ನಿಜ ಹೇಳಬೇಕೆಂದರೆ ಕೇಳೋಕೆ ಹೊಳೆದೇ ಇರಲಿಲ್ಲ. ಫೋನ್ ಮಾಡಿ ಕೇಳಿದೆ. ಫ್ಲಾಟ್ ಅಂದರು.

"ನೋಡು. ಕಂತು ಕಟ್ತಾ ಕಟ್ತಾ ಅಸಲು ಇಳೀತಾ ಹೋಗುತ್ತೆ, ಅಲ್ವಾ? ಕೊನೇ ವರ್ಷ ನಿನ್ನ ಹತ್ರ ಅವರ ದುಡ್ಡು ಇರೋದು ಒಂದಿಷ್ಟು. ಆದ್ರೂ ಮೊದಲನೇ ದಿನ ಎಷ್ಟು ತಗೊಂಡ್ಯೋ ಅಷ್ಟಕ್ಕೂ ಬಡ್ಡಿ ಹಾಕ್ತಾರೆ. ಅದು ಫ್ಲಾಟ್." ಕ್ಯಾಲ್ಕುಲೇಟರ್ ಒತ್ತಿದಳು. ಏಳು ವರ್ಷಕ್ಕೆ 6 ಪರ್ಸೆಂಟ್ ಫ್ಲಾಟ್ ಅಂದರೆ, ಉಳಿದ ಅಸಲಿಗಷ್ಟೇ ಬಡ್ಡಿ ಹಾಕುವ ಲೆಕ್ಕದಲ್ಲಿ ಹತ್ತೂವರೆಗಿಂತ ತುಸು ಜಾಸ್ತಿಯೇ ಆಗುತ್ತೆ. ಕಂತೇನೂ ಬದಲಾಗಲಿಲ್ಲ, ಹಾಳೆಯಲ್ಲಿದ್ದದ್ದೇ. ಆದರೆ 6 ಅನ್ನೋ ಅಂಕಿ ಮಾತ್ರ ಆಮೇಲೆ ಬೇರೆ ಥರ ಕಾಣತೊಡಗಿತು.

ಆಮೇಲೆ ಅವಳು ಒಂದು ಕೆಲಸ ಮಾಡಿದಳು. ದುಡ್ಡನ್ನು ದುಡ್ಡಿನಲ್ಲಿ ಬರೆಯೋದು ಬಿಟ್ಟು ತಿಂಗಳಲ್ಲಿ ಬರೆದಳು. ನನ್ನ ಸಂಬಳದ ತಿಂಗಳು.

ಕಾರಿನ ಬೆಲೆ 24 ತಿಂಗಳು. ಕೈಯಿಂದ ಕಟ್ಟಬೇಕಾದ ಐದನೇ ಒಂದು ಭಾಗ ಸುಮಾರು 5 ತಿಂಗಳು. ಅದು ನಾನು ಅಷ್ಟೂ ವರ್ಷ ಕೂಡಿಟ್ಟ ಪೂರ್ತಿ ಉಳಿತಾಯ. ಸಾಲ 19 ತಿಂಗಳು, ಚಿಲ್ಲರೆ. ಏಳು ವರ್ಷದಲ್ಲಿ ಬಡ್ಡಿಗೆ ಅಂತಲೇ ಹೋಗುವುದು 8 ತಿಂಗಳು.

ಎಂಟು ತಿಂಗಳು. ಕಂತು ನೋಡಿದಾಗ ಏನೂ ಅನ್ನಿಸದ ನನಗೆ ಇದು ಹೊಟ್ಟೆಗೆ ತಾಗಿತು. ಎಂಟು ತಿಂಗಳು ಬೆಳಿಗ್ಗೆ ಎದ್ದು, ಅದೇ ಬಸ್ಸು ಹಿಡಿದು, ಅದೇ ಮ್ಯಾನೇಜರ ಮುಖ ನೋಡಿ, ಸಂಜೆ ವಾಪಸು ಬರೋದು. ಅಷ್ಟೂ ಬಡ್ಡಿಗೆ. ಕಾರಿನ ಒಂದು ಬೋಲ್ಟೂ ಅದರಲ್ಲಿ ಬರಲ್ಲ.

ಕಾರು ಕೊಳ್ಳುವವರಿಗೆ 20-4-10 ಅಂತ ಒಂದು ಸೂತ್ರ ಇದೆ. ಶೇಕಡಾ 20 ಕೈಯಿಂದ ಕಟ್ಟು, ನಾಲ್ಕು ವರ್ಷದೊಳಗೆ ಸಾಲ ಮುಗಿಸು, ಕಾರಿನ ಎಲ್ಲ ಖರ್ಚೂ ಸೇರಿ ಆದಾಯದ ಶೇಕಡಾ 10 ದಾಟದಿರಲಿ. ಈ ಲೆಕ್ಕ ನನಗೆ ಹಾಕಿ ನೋಡಿದರೆ, ಬೇರೆ ಖರ್ಚು ಪಕ್ಕಕ್ಕಿಟ್ಟು ಇಡೀ ಹತ್ತನ್ನೂ ಕಂತಿಗೇ ಕೊಟ್ಟರೂ ಐದು ತಿಂಗಳ ಸಂಬಳದ ಕಾರೂ ಸಿಗಲ್ಲ. ನನ್ನ ಕನಸಿನದು ಇಪ್ಪತ್ನಾಲ್ಕು. ಸೂತ್ರ ಮಾಡಿದವನು ಯಾವತ್ತೂ 911 ಓಡಿಸಿಲ್ಲ ಅಂತ ನನಗೆ ನಾನೇ ಹೇಳಿಕೊಂಡೆ.

ನನ್ನ ಹತ್ತಿರ ವಾದಗಳಿಗೇನೂ ಬರ ಇರಲಿಲ್ಲ. ಒಂದು, ಈ ಕಾರಿನ ಬೆಲೆ ಬೇರೆ ಕಾರುಗಳ ಹಾಗೆ ಧಡಕ್ಕನೆ ಬೀಳಲ್ಲ. ಇದು ಬಹುಮಟ್ಟಿಗೆ ನಿಜ. ಅಕ್ಕ ಒಪ್ಪಿದಳು. "ಬೀಳಲ್ಲ ಸರಿ. ಆದ್ರೆ ನಿಂಗೆ ಅರ್ಜೆಂಟಾಗಿ ದುಡ್ಡು ಬೇಕಾದ ದಿನ ಕೊಳ್ಳೋನಿಗೂ ಅದು ಗೊತ್ತಾಗುತ್ತೆ ಕಣೋ." ಎರಡನೇ ವಾದ, ಇದು ಬರೀ ಇಬ್ಬರ ಕಾರಲ್ಲ, ಹಿಂದೆಯೂ ಎರಡು ಸೀಟಿದೆ, ಮನೆಯವರೆಲ್ಲ ಹೋಗಬಹುದು. ಆ ಸೀಟುಗಳನ್ನು ನಾನು ಕಣ್ಣಾರೆ ನೋಡಿದ್ದೆ. ಮೊಣಕಾಲು ಇಲ್ಲದವರು ಆರಾಮಾಗಿ ಕೂರಬಹುದು.

ಗ್ಯಾರೇಜ್ ಇಟ್ಟಿರುವ ಗೆಳೆಯನಾದರೂ ನನ್ನ ಕಡೆ ಮಾತಾಡುತ್ತಾನೆ ಅಂದುಕೊಂಡೆ. ಅವನಿಗೂ ಈ ಕಾರು ಅಂದರೆ ಪ್ರಾಣ. ವಿಷಯ ಕೇಳಿದ ಕೂಡಲೇ ಕೈ ಒರೆಸಿಕೊಂಡು ಎದ್ದು ನಿಂತ. "ಓವರ್‌ರೆವ್ ರಿಪೋರ್ಟ್ ಕೇಳು. ಎಂಜಿನ್ನನ್ನ ಮಿತಿ ಮೀರಿ ಎಷ್ಟು ಸಲ ತಿರುಗಿಸಿದ್ದಾರೆ ಅನ್ನೋದು ಅದರ ಕಂಪ್ಯೂಟರ್‌ನಲ್ಲಿ ಬರೆದಿರುತ್ತೆ. ಓನರ್ ಸುಳ್ಳು ಹೇಳಬಹುದು, ಅದು ಹೇಳಲ್ಲ." ಇಷ್ಟು ಹೇಳಿ ಟೈರಿನ ವಿಷಯಕ್ಕೆ ಬಂದ. ಹಿಂದಿನ ಟೈರು ಮುಂದಿನದಕ್ಕಿಂತ ಅಗಲ. ಹಾಗಾಗಿ ಸವೆಯುವುದನ್ನು ಸರಿದೂಗಿಸೋಕೆ ಹಿಂದಿನದು ಮುಂದೆ, ಮುಂದಿನದು ಹಿಂದೆ ಅಂತ ಬದಲಿಸುವ ಹಾಗಿಲ್ಲ. ಭಾರವೂ ಹಿಂದೆ, ಎಂಜಿನ್ ಶಕ್ತಿಯೂ ಹಿಂದೆ, ಹಿಂದಿನ ಜೋಡಿ ಬೇಗ ಸವೆಯುತ್ತೆ. ಅದರಲ್ಲೂ ಕಂಪನಿ ಒಪ್ಪಿದ ಟೈರಿನ ಮೇಲೆ N ಅಂತ ಗುರುತಿರುತ್ತೆ, ಅದನ್ನೇ ಹಾಕು ಅಂತಾರೆ. ಆಯಿಲ್ ಸಾಧಾರಣ ಕಾರಿಗಿಂತ ಹೆಚ್ಚುಕಡಿಮೆ ಎರಡು ಪಟ್ಟು. ಪೆಟ್ರೋಲ್ ಹೆಚ್ಚಿನ ಆಕ್ಟೇನಿನದು. ಇನ್ಶೂರೆನ್ಸ್ ಪೂರ್ತಿ ಮಾಡಿಸಲೇಬೇಕು, ಸಾಲ ಕೊಟ್ಟವರು ಬಿಡಲ್ಲ.

"ಅದು ಹಳೇದಾಗುತ್ತೆ ಕಣೋ, ಆದ್ರೆ ಅದರ ಪಾರ್ಟ್ಸ್ ಬೆಲೆ ಹಳೇದಾಗಲ್ಲ," ಅಂದ. ಬೈದು ಹೇಳಿದ್ದರೆ ವಾದ ಮಾಡಬಹುದಿತ್ತು. ಅವನು ಪ್ರೀತಿಯಿಂದಲೇ ಹೇಳಿದ.

ಇದೆಲ್ಲ ಸೇರಿಸಿದರೆ ಸಂಬಳದ ಶೇಕಡಾ 40 ಆಯಿತು. ನನಗೆ ಹಟ ಬಂತು. ನಲವತ್ತು ತಾನೇ, ಬಿಟ್ಟು ಬದುಕಿ ತೋರಿಸ್ತೀನಿ ಅಂದೆ. "ತೋರಿಸು," ಅಂದಳು ಅಕ್ಕ. "ಕಾರು ತಗೊಂಡಿದೀಯ ಅಂದ್ಕೋ. ಸಂಬಳ ಬಂದ ದಿನ ಅಷ್ಟು ದುಡ್ಡು ಬೇರೆ ಖಾತೆಗೆ ಹಾಕು. ಆರು ತಿಂಗಳು."

ಹೊಸ ಖಾತೆ ತೆರೆದೆ. ಬ್ಯಾಂಕಿನ ಆ್ಯಪ್‌ನಲ್ಲಿ ಅದಕ್ಕೆ 'ನೀಲಿ' ಅಂತ ಹೆಸರಿಟ್ಟೆ.

ಮೊದಲ ತಿಂಗಳು ಹಬ್ಬ. ಇಷ್ಟು ಸುಲಭಾನಾ ಅನ್ನಿಸಿತು. ಎರಡನೇ ತಿಂಗಳು ಶೂ ಅಡಿ ಬಿಟ್ಟಿತು, ಅಂಟು ಹಾಕಿಸಿಕೊಂಡೆ. ಗೆಳೆಯರು ಕರೆದ ಎರಡು ಕಡೆ ತಲೆನೋವು ಅಂದೆ. ಮೂರನೇ ತಿಂಗಳು ನಿಜವಾಗಿ ನೋವು ಬಂತು, ತಲೆಗಲ್ಲ, ದವಡೆ ಹಲ್ಲಿಗೆ. ರೂಟ್ ಕೆನಾಲ್, ಅದರ ಮೇಲೆ ಕ್ಯಾಪ್. ಹಲ್ಲಿನ ಡಾಕ್ಟರ ಕುರ್ಚಿಯಲ್ಲಿ ಬಾಯಿ ತೆರೆದು ಮಲಗಿ ದೀಪ ನೋಡುತ್ತಾ ನಾನು ಯೋಚಿಸುತ್ತಿದ್ದದ್ದು ಒಂದೇ. ಈ ದುಡ್ಡನ್ನು ಈಗ 'ನೀಲಿ'ಯಿಂದ ತೆಗೀಬಹುದು. ನೀಲಿ ನಿಜವಾದ ಕಾರಾಗಿದ್ದರೆ? ಉಳಿತಾಯ ಶೋರೂಮಿಗೆ ಹೋಗಿರುತ್ತಿತ್ತು. ಕಂತು ಹಲ್ಲಿಗಾಗಿ ಕಾಯುತ್ತಿರಲಿಲ್ಲ. ಡಾಕ್ಟರಿಗೆ ಸ್ಟೀರಿಂಗ್ ಬಿಚ್ಚಿ ಕೊಡೋಕಾಗುತ್ತಾ?

ಅರ್ಧ ತಿಂಗಳ ಸಂಬಳ ಆ ಹಲ್ಲಿಗೆ ಹೋಯಿತು. ಗೆಳೆಯನಿಗೆ ಹೇಳಿದೆ. "ಬಾಯಲ್ಲಿ ಹಿಂದಿನ ಟೈರು ಇಟ್ಕೊಂಡು ಓಡಾಡ್ತಿದೀಯ," ಅಂದ.

ನಾಲ್ಕನೇ ತಿಂಗಳು ಲ್ಯಾಪ್‌ಟಾಪ್ ಸತ್ತಿತು. ನೀಲಿಗೆ ಏನೂ ಹಾಕಲಿಲ್ಲ. ಅಂದರೆ ಒಂದು ಕಂತು ತಪ್ಪಿತು. ಐದು, ಆರು ಹೇಗೋ ಎಳೆದೆ. ಆ ಎರಡು ತಿಂಗಳು ನನ್ನ ಜೊತೆ ಮಾತಾಡಿದವರು ಪಾಪ. ಬಿಲ್ ಹಂಚಿಕೊಳ್ಳುವಾಗ ಚಿಲ್ಲರೆಗೂ ಜಗಳ ಆಡಿದೆ. ಯಾರಾದರೂ ಎಲ್ಲಿಗಾದರೂ ಹೋಗೋಣ ಅಂದರೆ ಮೊದಲು ನೆನಪಾಗುತ್ತಿದ್ದದ್ದು ಶೇಕಡಾ 40. ಇನ್ನೂ 78 ತಿಂಗಳು ಹೀಗೇ ಇರಬೇಕಿತ್ತು ಅಂತ ಒಂದು ರಾತ್ರಿ ಲೆಕ್ಕ ಹಾಕಿ, ದೀಪ ಆರಿಸಿ ಮಲಗಿದೆ.

ಆ ನೀಲಿ ಕಾರು ಎರಡನೇ ತಿಂಗಳಲ್ಲೇ ಮಾರಾಟವಾಗಿತ್ತಂತೆ. ಆಮೇಲೆ ಸೇಲ್ಸ್‌ನವರೇ ಫೋನ್ ಮಾಡಿದಾಗ ಗೊತ್ತಾಯಿತು. "ಈಗೊಂದು ಬಿಳಿ ಬಂದಿದೆ ಸರ್, ಅದಕ್ಕಿಂತ ಚೆನ್ನಾಗಿದೆ." ಯಾರೋ ಕೊಂಡುಕೊಂಡರು ಅಂತ ಕೇಳಿ ಹೊಟ್ಟೆ ಉರಿಯಿತು, ಸುಳ್ಳು ಯಾಕೆ ಹೇಳಲಿ. ಸಾಲ ಬೇಡ ಸರ್ ಅಂದೆ. ಬಿಳಿಯ ಫೋಟೊ ಮಾತ್ರ ಕಳಿಸಿ ಅಂದೆ.

ನೀಲಿ ಖಾತೆ ಮುಚ್ಚಲಿಲ್ಲ. ಈಗ ಶೇಕಡಾ 15 ಹಾಕುತ್ತೇನೆ. ಆರು ತಿಂಗಳ ಕೊನೆಗೆ ಅದರಲ್ಲಿ ಒಂದೂವರೆ ತಿಂಗಳ ಸಂಬಳ ಉಳಿದಿತ್ತು. ಹೀಗೇ ಹೋದರೆ ಸಾಲವಿಲ್ಲದೆ ಕೊಳ್ಳೋಕೆ ಹನ್ನೆರಡೂವರೆ ವರ್ಷ ಬೇಕು ಅಂತ ಅಕ್ಕ ಲೆಕ್ಕ ಹಾಕಿ ಹೇಳಿದಳು. ಅಷ್ಟು ಹೊತ್ತಿಗೆ ಆ ಕಾರಿಗೆ ಇಪ್ಪತ್ತು ದಾಟಿರುತ್ತೆ. ನನಗೂ ಆ ಸೀಟಿಗೆ ಇಳಿಯೋಕೆ ಯಾರಾದರೂ ಕೈ ಹಿಡಿಯಬೇಕಾಗಬಹುದು.

ಅದರಲ್ಲಿ ಸ್ವಲ್ಪ ತೆಗೆದು ಒಂದು ಭಾನುವಾರ ಬಾಡಿಗೆಗೆ 911 ತಂದೆ. ಬೂದು ಬಣ್ಣದ್ದು. ಈ ಸಲ ಕೈ ನೇರ ಬಾಗಿಲ ಪಕ್ಕಕ್ಕೇ ಹೋಯಿತು. ಅಕ್ಕ ಪಕ್ಕದ ಸೀಟಿನಲ್ಲಿ ಬ್ಯಾಗನ್ನು ಎದೆಗೆ ಒತ್ತಿಕೊಂಡು ಕೂತಿದ್ದಳು. ಊರು ದಾಟಿ ರಸ್ತೆ ಖಾಲಿಯಾದ ಮೇಲೆ ಒಂದು ಸಲ ಪೂರ್ತಿ ಒತ್ತಿದೆ. ಅವಳು ಏನೋ ಕೂಗಿದಳು, ಎಂಜಿನ್ ಸದ್ದಿನಲ್ಲಿ ಕೇಳಲಿಲ್ಲ. ನಿಧಾನ ಮಾಡಿದ ಮೇಲೆ ಏನಂದೆ ಅಂತ ಕೇಳಿದೆ.

"ಇನ್ನೊಂದ್ಸಲ ಅಂದೆ."

ಸಂಜೆ ಕಾರು ವಾಪಸು ಕೊಟ್ಟು, ಪೆಟ್ರೋಲ್ ಬಿಲ್ ತೋರಿಸಿ, ಬಸ್ ಸ್ಟಾಪಿಗೆ ನಡೆದು ಬಂದೆವು. ಬಸ್ಸು ಬರುವ ಹೊತ್ತಿಗೆ ಅಕ್ಕನಿಗೆ ಛತ್ರಿ ನೆನಪಾಯಿತು. ಹಿಂದಿನ ಸೀಟಿನಲ್ಲಿ ಬಿಟ್ಟು ಬಂದಿದ್ದಳು. ನಾನು ತರೋಕೆ ಓಡಿದೆ. ಛತ್ರಿ ಆ ಸೀಟಿನಲ್ಲಿ ಸರಿಯಾಗಿ ಹಿಡಿಸಿತ್ತು.