ಮೂರು ವಾರಕ್ಕೊಮ್ಮೆ ಖಾಲಿಯಾಗುವ ಹೌಸ್

ಇಂಗ್ಲೆಂಡಿನ ಬೋರ್ಡಿಂಗ್ ಸ್ಕೂಲಿನಲ್ಲಿ ಹೊಸಬರನ್ನು ಮೊದಲು ಕೇಳುವುದು "ಯಾವ ಹೌಸ್?" ಅಂತ. ಯಾವ ದೇಶ, ಯಾವ ಕ್ಲಾಸ್ ಅನ್ನೋದೆಲ್ಲ ಆಮೇಲೆ. ಹೌಸ್ ಅಂದರೆ ಮಕ್ಕಳು ಉಳಿದುಕೊಳ್ಳುವ ಹಾಸ್ಟೆಲ್ ಕಟ್ಟಡ. ನಾನು ಎಕ್ಸ್‌ಚೇಂಜ್ ವಿದ್ಯಾರ್ಥಿನಿಯಾಗಿ ಯಾರ್ಕ್‌ಶೈರ್‌ನ ಒಂದು ಶಾಲೆಯಲ್ಲಿ, ಕೊನೆಯ ಎರಡು ವರ್ಷದ ತರಗತಿಯಾದ ಸಿಕ್ಸ್ತ್ ಫಾರ್ಮ್‌ಗೆ ಸೇರಿದ್ದೆ. ಅಲ್ಲಿ ನನ್ನನ್ನು ಬೆಳೆಸಿದ್ದು ಕ್ಲಾಸ್‌ರೂಮಿಗಿಂತ ಹೌಸೇ ಜಾಸ್ತಿ.

ಹೌಸಿನ ಹೊಣೆ ಹೊತ್ತ ಟೀಚರ್, ಅಂದರೆ ಹೌಸ್‌ಮಿಸ್ಟ್ರೆಸ್, ಅದೇ ಕಟ್ಟಡದ ಒಂದು ಬದಿಯಲ್ಲಿ ತಮ್ಮ ಗಂಡ, ಮಕ್ಕಳ ಜೊತೆ ಇರುತ್ತಿದ್ದರು. ಆದರೆ ಹೌಸ್ ನಡೆಯುತ್ತಿದ್ದದ್ದು ಮಕ್ಕಳ ಬಟ್ಟೆಬರೆ, ಆರೋಗ್ಯ ನೋಡಿಕೊಳ್ಳುವ ಮೇಟ್ರನ್ ಕೈಯಲ್ಲಿ. ನಾನು ಹೋದ ದಿನವೇ ಅವರು ನನ್ನ ಸೂಟ್‌ಕೇಸ್ ಬಿಚ್ಚಿಸಿ, ಕಾಲುಚೀಲ ಸಮೇತ ಎಲ್ಲದಕ್ಕೂ ಹೆಸರು ಬರೆದ ಬಟ್ಟೆಯ ಚೀಟಿ ಇದೆಯಾ ಅಂತ ನೋಡಿದರು. ಇಲ್ಲದ್ದಕ್ಕೆ ಪಕ್ಕದಲ್ಲೇ ಕೂತು ಹೊಲಿದರು. ಹೊಲಿಯುತ್ತಲೇ ರಾತ್ರಿ ನಿದ್ದೆ ಹೇಗೆ, ಊಟಕ್ಕೆ ಏನು ಸೇರಲ್ಲ, ಅಮ್ಮನಿಗೆ ಯಾವಾಗ ಫೋನ್ ಮಾಡ್ತೀಯ ಅಂತ ಎಲ್ಲ ಕೇಳಿಕೊಂಡರು. ಅದನ್ನೆಲ್ಲ ಅವರು ವರ್ಷಪೂರ್ತಿ ನೆನಪಿಟ್ಟುಕೊಂಡಿದ್ದರು.

ರಾತ್ರಿ ಊಟ ಆದಮೇಲೆ ಪ್ರೆಪ್, ಅಂದರೆ ಎಲ್ಲರೂ ಸದ್ದಿಲ್ಲದೆ ಓದುವ ಹೊತ್ತು. ಚಿಕ್ಕವರು ಫೋನ್ ಒಪ್ಪಿಸಿ ಬಂದು ಕೂರಬೇಕು. ಪ್ರೆಪ್ ಮುಗಿದರೆ ಎಲ್ಲರೂ ಬ್ರೂ ರೂಮಿಗೆ. ಟೋಸ್ಟ್, ಬೆಣ್ಣೆ, ಚಹಾ, ಬಾಯ್ತುಂಬ ಮಾತು. ಡಿಸೆಂಬರಿನಲ್ಲಿ ಮಧ್ಯಾಹ್ನ ನಾಲ್ಕಕ್ಕೆಲ್ಲ ಕತ್ತಲಾಗುವ ಊರಿನಲ್ಲಿ ಆ ಸಣ್ಣ ಅಡುಗೆಮನೆ ಎಷ್ಟು ಬೇಕಾಗುತ್ತೆ ಅನ್ನೋದು ಅಲ್ಲಿದ್ದವರಿಗೇ ಗೊತ್ತು.

ಚಿಕ್ಕವರನ್ನು ನೋಡಿಕೊಳ್ಳುವ ಜವಾಬ್ದಾರಿಯನ್ನು ಪ್ರಿಫೆಕ್ಟ್‌ಗಳಿಗೆ, ಅಂದರೆ ಆಯ್ದ ಹಿರಿಯ ವಿದ್ಯಾರ್ಥಿಗಳಿಗೆ, ಕೊಡುವ ಪದ್ಧತಿ ಗಟ್ಟಿಯಾದದ್ದು ಥಾಮಸ್ ಆರ್ನಾಲ್ಡ್ 1828ರಿಂದ 1842ರವರೆಗೆ ರಗ್ಬಿ ಶಾಲೆಯ ಹೆಡ್‌ಮಾಸ್ಟರ್ ಆಗಿದ್ದಾಗ. ಆಗೆಲ್ಲ ಚಿಕ್ಕವರು ದೊಡ್ಡವರ ಚಾಕರಿ ಮಾಡಬೇಕಿತ್ತು, ಅದಕ್ಕೆ ಫ್ಯಾಗಿಂಗ್ ಅಂತಿದ್ದರು. 20ನೇ ಶತಮಾನದಲ್ಲಿ ಅದು ನಿಂತುಹೋಯಿತು, ಒಳ್ಳೇದೇ ಆಯಿತು. ನಾನು ನೋಡಿದ್ದು ಇದರ ಉಲ್ಟಾ. ಮನೆ ನೆನಪಾಗಿ ಅಳುವ ಹನ್ನೊಂದರ ಹುಡುಗಿಯ ಮಂಚದ ಪಕ್ಕ, ಮಾರನೇ ದಿನ ತನಗೇ ಪರೀಕ್ಷೆ ಇದ್ದರೂ, ನೆಲದ ಮೇಲೆ ಕೂತಿರುತ್ತಿದ್ದ ಪ್ರಿಫೆಕ್ಟ್.

ಇಷ್ಟು ಹಚ್ಚಿಕೊಂಡ ಮೇಲೆ ಎಕ್ಸಿಯಟ್ ಬರುತ್ತೆ. ಸುಮಾರು ಮೂರು ವಾರಕ್ಕೊಮ್ಮೆ ಎಲ್ಲರೂ ಮನೆಗೆ ಹೋಗುವ ವಾರಾಂತ್ಯ. ಬಾಗಿಲ ಮುಂದೆ ಸಾಲಾಗಿ ಕಾರು, ಹಿಂದಿನ ಸೀಟಿನಿಂದ ನಾಯಿ ಇಣುಕುತ್ತಿರುತ್ತೆ, ಕೊಳೆಬಟ್ಟೆಯ ಚೀಲ ಎಳೆದುಕೊಂಡು ಓಡುವ ಹುಡುಗಿಯರು. ಹೌಸ್‌ಗೆ ಬೀಗ. ಹೊರದೇಶದಿಂದ ಬಂದವರಿಗೆ ಅಲ್ಲೇ ಇರುವ ಒಂದು ಕುಟುಂಬವನ್ನು ಗಾರ್ಡಿಯನ್ ಆಗಿ ಗೊತ್ತು ಮಾಡಿರುತ್ತಾರೆ, ಅವರ ಮನೆಗೆ ಹೋಗಬೇಕು. ಆ ಜನ ಒಳ್ಳೆಯವರೇ. ಆದರೂ ಶನಿವಾರ ಬೆಳಿಗ್ಗೆ ಗುರುತಿಲ್ಲದ ಮನೆಯಲ್ಲಿ ಎದ್ದು, ಕೆಳಗಿಳಿದು ಹೋಗಬಹುದಾ ಬೇಡವಾ ಅಂತ ಮಂಚದ ಮೇಲೆ ಕೂತಿರುವುದು ಕಷ್ಟ. ಎರಡನೇ ಟರ್ಮಿನಲ್ಲಿ ನನ್ನ ರೂಮ್‌ಮೇಟ್‌ನ ಅಮ್ಮ ಹೌಸ್‌ಮಿಸ್ಟ್ರೆಸ್‌ಗೆ ಪತ್ರ ಬರೆದು, ಗಾರ್ಡಿಯನ್ ಒಪ್ಪಿಗೆಯನ್ನೂ ಪಡೆದು, ನನ್ನನ್ನು ತಮ್ಮ ಮನೆಗೆ ಕರೆದುಕೊಂಡು ಹೋಗತೊಡಗಿದರು. ಆ ಋಣ ದೊಡ್ಡದು. ಆದರೆ ಒಬ್ಬ ತಾಯಿಯ ಒಳ್ಳೆತನ ಎಲ್ಲರಿಗೂ ಸಿಗಲ್ಲ ಅಲ್ವಾ?

ದೂರದ ಮಕ್ಕಳನ್ನು ಸೇರಿಸಿಕೊಳ್ಳುವ ಶಾಲೆ ಎಕ್ಸಿಯಟ್ ದಿನಗಳಲ್ಲಿ ಒಂದಾದರೂ ಹೌಸ್ ತೆರೆದಿಡಬೇಕು. ಸರದಿ ಮೇಲೆ ಒಬ್ಬ ಮೇಟ್ರನ್, ಬಿಸಿ ಊಟ, ಹಚ್ಚಿಟ್ಟ ಹೀಟರ್ ಇದ್ದರೆ ಸಾಕು. ಹಾಗೆ ತೆರೆದಿಡುವ ಶಾಲೆಗಳು ಇವೆ. ಅಲ್ಲಿಗೆ ಹೋಗುವವರು ನಿಮ್ಮ ಮನೆಯಲ್ಲಿದ್ದರೆ ಪ್ರಾಸ್ಪೆಕ್ಟಸ್‌ನ ಚೆಂದದ ಫೋಟೋ ಆಮೇಲೆ ನೋಡಿ. ಹೌಸ್ ಯಾವ ಯಾವ ವಾರಾಂತ್ಯ ಮುಚ್ಚುತ್ತೆ, ಟರ್ಮ್ ನಡುವಿನ ಹಾಫ್ ಟರ್ಮ್ ರಜೆಯಲ್ಲಿ ಮಗು ಎಲ್ಲಿ ಮಲಗುತ್ತೆ, ಗಾರ್ಡಿಯನ್ ಮನೆಯವರ ಜೊತೆ ಮೊದಲೇ ವಿಡಿಯೋ ಕಾಲ್ ಮಾಡಬಹುದಾ, ಇಷ್ಟನ್ನು ಶುಲ್ಕ ಕಟ್ಟುವ ಮೊದಲೇ ಬರವಣಿಗೆಯಲ್ಲಿ ಕೇಳಿ ತರಿಸಿಕೊಳ್ಳಿ.