ಹಿತ್ತಿಲಿನ ಲೆಕ್ಕ ಕೇಳುವವರು

ಉಡುಪಿಯ ನಮ್ಮ ಮನೆಯ ಹಿಂದೆ, ಪಾತ್ರೆ ತೊಳೆದ ನೀರು ಹರಿದುಹೋಗುವಲ್ಲಿ, ಅಡಿಕೆ ಸಲಾಕೆಗಳಿಂದ ಕಟ್ಟಿದ ಒಂದು ಬಸಳೆ ಚಪ್ಪರವಿದೆ. ಆಚೆಮನೆಯ ಅಕ್ಕ ಮುರಿದುಕೊಟ್ಟ ಎರಡು ದಂಟುಗಳನ್ನು ನೆಟ್ಟು, ಬುಡಕ್ಕೆ ಸುಡುಮಣ್ಣು ಏರಿಸಿ, ಆಗಾಗ ಬಚ್ಚಲೊಲೆಯ ಬೂದಿ ಉದುರಿಸಿದ್ದಷ್ಟೇ ನನ್ನ ಕೃಷಿ. ಇದನ್ನು ನಾವು ತೋಟವೆಂದು ಕರೆಯುವುದೂ ಇಲ್ಲ. ತೋಟವೆಂದರೆ ಅಡಿಕೆ, ತೆಂಗು. ಬಸಳೆ, ತೊಂಡೆ, ಹರಿವೆ, ಕೆಸುಗಳೆಲ್ಲ ಹಿತ್ತಿಲಿಗೆ ಸೇರಿದವು. ಹಿತ್ತಿಲಿನಲ್ಲಿ ಏನಿದೆಯೆಂದು ಕೇಳುವ ಹಕ್ಕು ಅಡುಗೆಮನೆಗೆ ಬಿಟ್ಟರೆ ಬೇರೆ ಯಾರಿಗೂ ಇಲ್ಲವೆಂದೇ ನಾನು ತಿಳಿದಿದ್ದೆ.

ಮಗಳು ಜರ್ಮನಿಯ ಲೈಪ್‌ಜಿಗ್‌ನಲ್ಲಿ ಒಂದು ತುಂಡು ಜಾಗವನ್ನು ಗೇಣಿಗೆ ಹಿಡಿದ ಮೇಲೆ ಈ ತಿಳಿವಳಿಕೆ ಸಡಿಲವಾಯಿತು. ಫ್ಲ್ಯಾಟಿನಲ್ಲಿರುವವರು ಸಂಘವೊಂದರ ಮೂಲಕ ಇಂಥ ತುಂಡು ಪಡೆಯುವುದು ಅಲ್ಲಿ ಸಾಮಾನ್ಯ, ಮತ್ತು ಅದಕ್ಕೆಂದೇ 1983ರ ಕಾನೂನೊಂದಿದೆ: ಜಾಗ 400 ಚದರ ಮೀಟರ್ ಮೀರಬಾರದು, ಅದರೊಳಗಿನ ಪುಟ್ಟ ಮನೆ ಜಗಲಿಯೂ ಸೇರಿ 24 ಚದರ ಮೀಟರ್ ದಾಟಬಾರದು, ಅದರಲ್ಲಿ ಕಾಯಂ ವಾಸ ಮಾಡುವಂತಿಲ್ಲ. ಸಾಮಾನ್ಯವಾಗಿ ಮೂರನೇ ಒಂದು ಭಾಗದಲ್ಲಾದರೂ ಹಣ್ಣು ತರಕಾರಿ ಬೆಳೆದಿರಬೇಕೆಂದು 2004ರಲ್ಲಿ ದೇಶದ ಉನ್ನತ ನ್ಯಾಯಾಲಯವೇ ಹೇಳಿತು. ಹರಿವೆಗೆ ನ್ಯಾಯಾಲಯದ ತೀರ್ಪು ಬೇಕೆ ಎಂದು ಮೊದಲು ನಗು ಬಂದಿತ್ತು.

ಈ ತೋಟಗಳಿಗೆ ಶ್ರೇಬರ್ ಎಂಬ ವೈದ್ಯರ ಹೆಸರು ಅಂಟಿಕೊಂಡಿದೆ, ಆದರೆ ಅವರು 1861ರಲ್ಲೇ ತೀರಿಕೊಂಡಿದ್ದರು. 1864ರಲ್ಲಿ ಲೈಪ್‌ಜಿಗ್‌ನಲ್ಲಿ ಅವರ ಹೆಸರಿನಲ್ಲಿ ಸಂಘ ಹುಟ್ಟಿ, ಮಕ್ಕಳಿಗೆ ಆಟದ ಬಯಲು ಮಾಡಿತು. ಬಯಲಿನ ಅಂಚಿನಲ್ಲಿ ಮಕ್ಕಳಿಗೆಂದು ತೆಗೆದ ಪಾತಿಗಳು ಬೇಗನೆ ಅಪ್ಪ ಅಮ್ಮಂದಿರ ಕೈಸೇರಿದವು. ಮಕ್ಕಳು ನೆಟ್ಟದ್ದಕ್ಕೆ ದೊಡ್ಡವರು ನೀರೆರೆಯುವುದು ನಮ್ಮಲ್ಲೂ ಹೊಸತೇನಲ್ಲ.

ಮೇ ಕೊನೆಯ ಹೊತ್ತಿಗೆ ಬರುವ ತುಳುನಾಡಿನ ಪತ್ತನಾಜೆಗೆ ಹತ್ತು ಹನಿಯಾದರೂ ಬೀಳಬೇಕು ಎಂದು ನಾವು ಬೀಜ ಹಿಡಿದು ಕಾಯುವಂತೆ, ಅಲ್ಲಿನವರು ಮೇ 15ರ ‘ಚಳಿ ಸೋಫಿ’ ಕಳೆಯಲೆಂದು ಕಾಯುತ್ತಾರಂತೆ. ಸಂತ ಸೋಫಿಯಾಳ ಆ ದಿನ ದಾಟುವ ಮೊದಲು ಟೊಮೆಟೊ ನೆಟ್ಟರೆ ರಾತ್ರಿಯ ಹಿಮಕ್ಕೆ ಎಳೆ ಗಿಡ ಸುಟ್ಟುಹೋಗಬಹುದು. ಮಗಳು ಜೂನ್‌ನಲ್ಲಿ ನಮ್ಮ ಬಸಳೆಯ ಬೀಜ ಹಾಕಿ, ಆಗಸ್ಟ್ ಹೊತ್ತಿಗೆ ಬೇಲಿಯುದ್ದಕ್ಕೂ ಬಳ್ಳಿ ಹಬ್ಬಿಸಿದ್ದಳು. ತಪಾಸಣೆಗೆ ಬಂದ ಸಂಘದ ಹಿರಿಯರೊಬ್ಬರು ಅದನ್ನು ಅಲಂಕಾರದ ಬಳ್ಳಿಯೆಂದು ಬರೆದುಕೊಂಡರು. ಇವಳು ಎಲೆಯೊಂದನ್ನು ಕಿತ್ತು ಅವರೆದುರೇ ಜಗಿದ ಮೇಲೆ ಅದು ತರಕಾರಿಯ ಲೆಕ್ಕಕ್ಕೆ ಬಂತು.

ಅಮೆರಿಕದ್ದು ಇದಕ್ಕೆ ಉಲ್ಟಾ. ಫ್ಲಾರಿಡಾದ ಮಯಾಮಿ ಶೋರ್ಸ್‌ನಲ್ಲಿ ಗಂಡ ಹೆಂಡತಿ 17 ವರ್ಷ ಮನೆಯ ಮುಂದೆ ತರಕಾರಿ ಬೆಳೆದಿದ್ದರು. 2013ರಲ್ಲಿ ಸ್ಥಳೀಯ ಆಡಳಿತ ಅದನ್ನು ನಿಷೇಧಿಸಿ, ದಿನಕ್ಕೆ 50 ಡಾಲರ್ ದಂಡವೆಂದಾಗ ಕಿತ್ತುಹಾಕಬೇಕಾಯಿತು. ನ್ಯಾಯಾಲಯದಲ್ಲೂ ಸೋತರು. ಇಂಥ ನಿಷೇಧಗಳು ನಡೆಯವೆಂದು 2019ರಲ್ಲಿ ರಾಜ್ಯವೇ ಕಾನೂನು ತಂದ ಮೇಲಷ್ಟೇ ಮತ್ತೆ ನೆಟ್ಟರು. ಎರಡನೆಯ ಮಹಾಯುದ್ಧದ ಕಾಲದಲ್ಲಿ ಮನೆಮನೆಯಲ್ಲೂ ತರಕಾರಿ ಬೆಳೆಯಿರೆಂದು ಪ್ರಚಾರ ಮಾಡಿದ ದೇಶವಿದು! ಮನೆಯ ಮುಂದಿನ ಜಾಗ ಬೀದಿಯ ಕಣ್ಣಿಗೆ ಸೇರಿದ್ದೆಂದು ಒಮ್ಮೆ ಒಪ್ಪಿಕೊಂಡರೆ ಬದನೆಗಿಂತ ಹುಲ್ಲೇ ಮರ್ಯಾದಸ್ಥವಾಗುತ್ತದೆ.

ನಮ್ಮ ಉಡುಪಿ ಬಳಿಯ ಶಂಕರಪುರದ ಕಡೆ ಇಂದಿಗೂ ಮನೆಯೆದುರೇ ಮಲ್ಲಿಗೆ ಬೆಳೆದು, ಅಟ್ಟೆಗೆ (ಮಲ್ಲಿಗೆ ಮಾರುವ ಅಳತೆ) ಇಂದಿನ ದರವೆಷ್ಟೆಂದು ಕೇಳಿ ಮನೆಖರ್ಚು ಲೆಕ್ಕಹಾಕುವ ಹೆಂಗಸರಿದ್ದಾರೆ. ಅಲ್ಲಿ ಅಂಗಳ ಬೀದಿಗೆ ಹೆದರಿಲ್ಲ. ನಮ್ಮ ಓಣಿಯಲ್ಲಿ ಮಾತ್ರ ಯಾವ ಕಾನೂನೂ ಇಲ್ಲದೆ ಅಂಗಳಗಳು ಒಂದೊಂದಾಗಿ ಇಂಟರ್‌ಲಾಕ್ ಹಾಸಿಕೊಂಡಿವೆ. ಮಳೆಗಾಲದ ಕೆಸರು ತಪ್ಪಿತೆಂಬುದು ನಿಜ, ನಾನೂ ಮುಂದಿನ ಬದಿಗೆ ಹಾಕಿಸಿದ್ದೇನೆ. ಆಚೆಮನೆಯ ಅಕ್ಕನ ಮಗ ಕಳೆದ ವರ್ಷ ಹಿತ್ತಿಲಿಗೂ ಹಾಕಿಸಿಬಿಟ್ಟ. ಮೊನ್ನೆ ನಾನು ಬಸಳೆ ಕಟ್ಟನ್ನು ಪಾಗಾರದ ಮೇಲಿಂದ ದಾಟಿಸಿದಾಗ, “ಚಟ್ಟಿಯಲ್ಲಿ ನೆಟ್ರೆ ಬರ್ತದಾ?” ಎಂದು ಅಕ್ಕ ಕೇಳಿದರು. ಹಿಂದೆ ಹೋಗಿ, ಬಲಿತ ಗೆಣ್ಣುಗಳಿರುವ ಎರಡು ದಂಟುಗಳನ್ನು ಬೇರೆಯಾಗಿ ಮುರಿದುಕೊಟ್ಟೆ.