ತೆರೆ ಏಳುವ ಮೊದಲೇ ಹಾಡು ಕಿವಿಗೆ ಬೀಳಲಿ

ರಾಕ್ ಮ್ಯೂಸಿಕಲ್‌ಗೆ, ಅಂದರೆ ರಾಕ್ ಹಾಡುಗಳಲ್ಲಿ ಕಥೆ ಹೇಳುವ ರಂಗನಾಟಕಕ್ಕೆ, ಹಣ ಹೊಂದಿಸುವಾಗ ಸ್ಕ್ರಿಪ್ಟ್ ಕೈಗಿಟ್ಟರೆ ಸಾಲದು, ಹಾಡು ಕೇಳಿಸಬೇಕು. 'ಜೀಸಸ್ ಕ್ರೈಸ್ಟ್ ಸೂಪರ್‌ಸ್ಟಾರ್' 1970ರಲ್ಲಿ ಆಲ್ಬಮ್ ಆಗಿಯೇ ಹೊರಬಂತು; ನ್ಯೂಯಾರ್ಕ್‌ನ ಬ್ರಾಡ್‌ವೇ ರಂಗ ಏರಿದ್ದು 1971ರಲ್ಲಿ.

ಹದಿನೆಂಟು ಹಾಡಿನ ಕಚ್ಚಾ ಡೆಮೊ ಬೇಡ, ಮೂರನ್ನು ಅಚ್ಚುಕಟ್ಟಾಗಿ ರೆಕಾರ್ಡ್ ಮಾಡಿ. ಡ್ರಮ್ಸ್ ಅಬ್ಬರದಲ್ಲಿ ಸಾಹಿತ್ಯ ಮುಳುಗಿದರೆ ಕಥೆಯೇ ತಲುಪದು. ಮಿಕ್ಸಿಂಗ್‌ನಲ್ಲಿ ಗಾಯಕರ ದನಿಯನ್ನು ಮುಂದಕ್ಕೆ ತನ್ನಿ. ಹಾಡು ಬಿಡುಗಡೆಯಾದ ದಿನವೇ ಟಿಕೆಟ್ ಮಾರಾಟವೂ ತೆರೆದಿರಲಿ. ಕೇಳಿದವರ ಉತ್ಸಾಹ ಬಹಳ ದಿನ ಕಾಯುವುದಿಲ್ಲ.

ಬಜೆಟ್ ಎರಡು ಭಾಗ: ಮೊದಲ ಪ್ರದರ್ಶನದವರೆಗಿನ ಖರ್ಚು, ಆಮೇಲಿನ ವಾರವಾರದ ಖರ್ಚು. ಎಡವುವುದು ಎರಡನೆಯದರಲ್ಲೇ. ಇದ್ದದ್ದನ್ನೆಲ್ಲ ಸೆಟ್‌ಗೆ ಸುರಿದರೆ, ಮೊದಲ ವಾರಗಳಲ್ಲಿ ಟಿಕೆಟ್ ಮಾರಾಟ ಮಂದವಾದಾಗ ಬ್ಯಾಂಡಿನ ಸಂಬಳಕ್ಕೂ ಜಾಹೀರಾತಿಗೂ ಕಾಸಿರುವುದಿಲ್ಲ. ಒಳ್ಳೆಯ ಪ್ರದರ್ಶನವೂ ಹೀಗೆಯೇ ನಿಂತುಹೋಗುತ್ತದೆ. ಕನಿಷ್ಠ ನಾಲ್ಕು ವಾರದ ಮೀಸಲು ಹಣವನ್ನು ಬೇರೆ ಖಾತೆಯಲ್ಲಿಡಿ.